ಡಿಕ್ಕಿಯಲ್ಲಿದ್ದ ನುಚ್ಚಿನ ಚೀಲ

ಸೋಮವಾರ ಮತ್ತು ಗುರುವಾರ ಕಾವ್ಯಳ ಅಡುಗೆಮನೆಯಲ್ಲಿ ಬೇಗ ದೀಪ ಹತ್ತುತ್ತಿತ್ತು. ಅತ್ತೆ ಪಂಪಮ್ಮನನ್ನು ಕಂಪ್ಲಿಯಿಂದ ಹೊಸಪೇಟೆಗೆ ಡಯಾಲಿಸಿಸ್‌ಗೆ ಕರೆದೊಯ್ಯುವ ದಿನಗಳವು. ಅತ್ತೆಯ ಪಲ್ಯಕ್ಕೆ ತರಕಾರಿಯನ್ನು ಹಿಂದಿನ ಸಂಜೆಯೇ ಹೆಚ್ಚಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ಬಸಿದು, ಉಪ್ಪು ಹಾಕಿಯೂ ಹಾಕದ ಹಾಗೆ ಬೇಯಿಸಬೇಕು. ಮಾವನಿಗೆ ಖಾರದ್ದು ಬೇರೆ, ಮಗಳ ಶಾಲೆಯ ಡಬ್ಬಿಗೆ ಬೇರೆ. ಗಂಡ ಹಾಲೇಶ್ ಸಂಡೂರಿನ ಗಣಿ ಕಂಪನಿಯೊಂದರ ಕಚೇರಿಯಲ್ಲಿ ಕೆಲಸಕ್ಕಿದ್ದ. ವಾರದ ಕೊನೆಗೆ ಮನೆಗೆ ಬರುತ್ತಿದ್ದ. ಹೀಗಾಗಿ ಮನೆಯ ಹಳೇ ಕಾರನ್ನು ಓಡಿಸುವ ಕೆಲಸವೂ, ಕಸ ಮುಸುರೆಯ ಹಾಗೆ, ಯಾರೂ ಹೇಳದೆಯೇ ಕಾವ್ಯಳ ಪಾಲಿಗೆ ಬಂದಿತ್ತು.

ಮಾವ ಗಾದಿಲಿಂಗಪ್ಪನಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಸ್ನಾನ, ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಗಿರಣಿಗೆ ಹೊರಟರೆ ಮಧ್ಯಾಹ್ನದ ಊಟಕ್ಕೇ ಬರುವ ಮನುಷ್ಯ. ಆದರೆ ಈ ಎರಡು ದಿನ ಮಾತ್ರ ಕಾರು ಮನೆ ಬಾಗಿಲು ಬಿಡುವ ತನಕ ಅಲ್ಲೇ ಸುಳಿದಾಡುತ್ತಿದ್ದರು. ಟೈರನ್ನು ಕಾಲಿನಿಂದ ಒದ್ದು ಗಾಳಿ ನೋಡುವರು. ಹಿಂದಿನ ಸೀಟಿಗೆ ದಿಂಬು ಇಡುವರು, ತೆಗೆದು ಕೊಡವಿ ಮತ್ತೆ ಇಡುವರು. ಆಸ್ಪತ್ರೆಗೆ ಮಾತ್ರ ಬರುತ್ತಿರಲಿಲ್ಲ. ಮೊದಲ ಸಲ ಬಂದಿದ್ದಾಗ, ಹೆಂಡತಿಯ ರಕ್ತ ನಳಿಕೆಯೊಳಗೆ ಹರಿದು ಮಷೀನಿಗೆ ಹೋಗುವುದನ್ನು ನೋಡಿ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಲಾರಿಗಟ್ಟಲೆ ಭತ್ತ ಇಳಿಸಿಕೊಳ್ಳುವ ಗಂಡಸಿಗೆ ನರ್ಸಮ್ಮ ಸಕ್ಕರೆ ನೀರು ಕುಡಿಸಬೇಕಾಯಿತು. ಆಮೇಲೆ ಆ ಕಡೆಗೆ ಹೋಗುವ ಮಾತನ್ನು ಅವರೂ ಎತ್ತಲಿಲ್ಲ, ಮನೆಯಲ್ಲಿ ಬೇರೆ ಯಾರೂ ಎತ್ತಲಿಲ್ಲ.

ಡಿಕ್ಕಿಯಲ್ಲಿ ನುಚ್ಚಿನ ಚೀಲ ಇಡುವುದನ್ನು ಶುರು ಮಾಡಿದ್ದು ಅವರೇ. ಮಳೆಗಾಲ ಮುಗಿದು ರಸ್ತೆ ಕಿತ್ತುಹೋಗಿದ್ದ ದಿನಗಳಲ್ಲಿ ಪಂಪಮ್ಮ, ಕಾರು ಕುಣಿಯುತ್ತದೆ, ಸೊಂಟ ಹಿಡಿಯುತ್ತದೆ ಎಂದು ಒಂದು ಸಲ ಅಂದಿದ್ದರು. ಗಾದಿಲಿಂಗಪ್ಪ ಮರುಮಾತಾಡದೆ ಗಿರಣಿಯಿಂದ ಎರಡು ಚೀಲ ನುಚ್ಚಕ್ಕಿ ತರಿಸಿ ಡಿಕ್ಕಿಯಲ್ಲಿ ಒತ್ತಿ ಮಲಗಿಸಿದರು. ಖಾಲಿ ಲಾರಿ ಕುಣಿಯುತ್ತದೆ, ಲೋಡಾದ ಲಾರಿ ಕೂತುಕೊಂಡು ಹೋಗುತ್ತದೆ ಎನ್ನುವುದು ಗಿರಣಿಯವರಿಗೆಲ್ಲ ಗೊತ್ತಿರುವ ಸಂಗತಿ. ಅವರ ಲೆಕ್ಕ ತಪ್ಪಲಿಲ್ಲ ಎಂದೇ ಎಲ್ಲರಿಗೂ ಅನ್ನಿಸಿತು. ಕಾರು ಎತ್ತಿ ಹಾಕುವುದು ಕಡಿಮೆಯಾಯಿತು. ಈಗ ಹಾಯ್ ಅನಸತೈತಿ ಎಂದು ಪಂಪಮ್ಮ ಹೇಳಿದ್ದಕ್ಕೆ ಮಾವನ ಮುಖ ಅರಳಿದ್ದನ್ನು ಕಾವ್ಯ ನೋಡಿದ್ದಳು. ಅಂದಿನಿಂದ ಚೀಲಗಳು ಡಿಕ್ಕಿಯಲ್ಲೇ ಇದ್ದವು. ನುಚ್ಚಿಗೆ ಹುಳ ಬಿದ್ದರೆ ಮಾವ ಹಳೆಯದನ್ನು ಇಳಿಸಿ ಹೊಸ ಚೀಲ ಇಡುತ್ತಿದ್ದರು.

ವಾಂತಿ ಶುರುವಾಗಿದ್ದು ಅದಾಗಿ ಸ್ವಲ್ಪ ದಿನಕ್ಕೆ. ಮೊದಮೊದಲು ವಾಪಸು ಬರುವಾಗ ಮಾತ್ರ, ಆಮೇಲೆ ಹೋಗುವಾಗಲೂ. ಡಾಕ್ಟರು ಮಾತ್ರೆ ಬರೆದುಕೊಟ್ಟರು, ನೀರು ಕಡಿಮೆ ಕುಡಿಯಿರಿ ಎಂದರು. ಕೆಲವರಿಗೆ ಹೀಗಾಗುತ್ತದಮ್ಮ ಎಂದು ನರ್ಸು ಸಮಾಧಾನ ಹೇಳಿದಳು. ಹೊಸಪೇಟೆಯ ಚಿತ್ತವಾಡ್ಗಿ ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ಉಚ್ಚೆಂಗೆಪ್ಪ, ಟೈರು ಅಲೆಅಲೆಯಾಗಿ ಸವೆದಿದೆ ಎಂದು ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ಹಾಕಿ, ಅಲೈನ್‌ಮೆಂಟ್ ಮಾಡಿ ಕಳಿಸಿದ. ಯಾವುದರಿಂದಲೂ ಏನೂ ಆಗಲಿಲ್ಲ. ಕಾವ್ಯ ನಿಧಾನ ಓಡಿಸಿದಳು, ಇನ್ನೂ ನಿಧಾನ ಓಡಿಸಿದಳು, ಹುಲ್ಲು ತುಂಬಿದ ಟ್ರ್ಯಾಕ್ಟರುಗಳು ಹಾರ್ನ್ ಹೊಡೆದು ಮುಂದೆ ಹೋಗುವಷ್ಟು ನಿಧಾನ. ಕಮಲಾಪುರ ದಾಟುವಾಗ ಪಂಪಮ್ಮನ ಮಾತು ನಿಲ್ಲುತ್ತಿತ್ತು. ಬುಕ್ಕಸಾಗರದಾಚೆ ಕಾಲುವೆಯ ತಿರುವು ಬರುವಷ್ಟರಲ್ಲಿ ಸೀಟಿನ ಬೆನ್ನಿಗೆ ಬೆರಳು ತಟ್ಟುತ್ತಿತ್ತು, ನಿಲ್ಲಿಸು ಎಂದು.

ಅವತ್ತಿನ ಗುರುವಾರವೂ ಅಲ್ಲೇ ನಿಲ್ಲಿಸಿದಳು. ಸುಗ್ಗಿಯ ಕಾಲ, ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು, ಅಂಚಿಗೆ ಕಲ್ಲು ಜೋಡಿಸಿದ್ದರು. ಪಂಪಮ್ಮ ಬಾಗಿಲು ತೆರೆದು ಹೊರಗೆ ಬಾಗಿದರು. ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಬರೀ ಹುಳಿನೀರು. ಕಾವ್ಯ ಒಂದು ಕೈಯಲ್ಲಿ ಅವರ ಹಣೆ ಹಿಡಿದು ಇನ್ನೊಂದರಲ್ಲಿ ಬೆನ್ನು ಸವರಿದಳು. ಸೂಜಿ ಚುಚ್ಚಿದ ಕೈಯನ್ನು ಪಂಪಮ್ಮ ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡಿದ್ದರು. ಬಾಯಿ ಮುಕ್ಕಳಿಸಿ, ಸೆರಗಿನಲ್ಲಿ ಒರೆಸಿಕೊಂಡು, ಸೀಟಿಗೆ ಒರಗಿದರು. ಆಮೇಲೆ ಕಾವ್ಯಳ ಕಡೆ ನೋಡದೆ ಹೇಳಿದರು.

"ಸೋಮವಾರ ನಾ ಬರಂಗಿಲ್ಲವ್ವ."

ಕಾವ್ಯ ಬಾಟಲಿಯ ಮುಚ್ಚಳ ಬಿಗಿದಳು.

"ಸೂಜಿ ತಡಕಂತೀನಿ, ಬಾಯಾರಿಕೆ ತಡಕಂತೀನಿ. ಈ ದಾರಿ ತಡ್ಯಾಕ ಆಗವಲ್ದು. ನಿನಗೂ ಸಾಕಾಗೇತಿ. ಇಲ್ಲ ಅನಬ್ಯಾಡ, ನಿನ್ನ ಮಾರಿ ನೋಡಿದ್ರ ಗೊತ್ತಾಗತೈತಿ."

ಸಾಕಾಗಿದ್ದು ನಿಜ. ಬರದಿದ್ದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಡಾಕ್ಟರು ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಎರಡು ಸಲ ತಪ್ಪಿಸಿದರೆ ಕಾಲು ಊದಿ, ಎದೆಗೆ ನೀರು ತುಂಬಿ, ಉಸಿರು ಕಟ್ಟುತ್ತದೆ. ಅದನ್ನು ತಿಳಿದೇ ಅತ್ತೆ ಹೇಳುತ್ತಿದ್ದರು, ನಾಳೆ ಸಂತೆಗೆ ಬರುವುದಿಲ್ಲ ಎನ್ನುವಷ್ಟು ಮೆಲ್ಲಗೆ.

ಕೈ ತೊಳೆಯಲು ನೀರಿನ ಕ್ಯಾನು ಬೇಕಿತ್ತು. ಕಾವ್ಯ ಹಿಂದೆ ಹೋಗಿ ಡಿಕ್ಕಿ ತೆರೆದು, ಚೀಲಗಳ ಪಕ್ಕದಲ್ಲಿದ್ದ ಕ್ಯಾನು ತೆಗೆದು, ಮುಚ್ಚಳವನ್ನು ಮೈಭಾರ ಹಾಕಿ ಒತ್ತಿ ಮುಚ್ಚಿದಳು. ಕಣ್ಣು ತುಂಬಿತ್ತು, ಅತ್ತೆಗೆ ಕಾಣಬಾರದೆಂದು ಅಲ್ಲೇ ನಿಂತಳು. ನಿಂತಿದ್ದಾಗ ಕಂಡಿತು, ಕಾರಿನ ಹಿಂಭಾಗ ಇನ್ನೂ ಆಡುತ್ತಿತ್ತು. ಕೈ ತೆಗೆದು ಹೊತ್ತಾಗಿದ್ದರೂ ಮೇಲೆ ಕೆಳಗೆ, ಮೇಲೆ ಕೆಳಗೆ, ಅವಸರವಿಲ್ಲದೆ.

ಅವಳಿಗೆ ಮಗಳ ತೊಟ್ಟಿಲು ನೆನಪಾಯಿತು. ಒಮ್ಮೆ ಜೋರಾಗಿ ತೂಗಿಬಿಟ್ಟರೆ ಒಳಗೆ ಹೋಗಿ ರೊಟ್ಟಿಯ ಹಿಟ್ಟು ನಾದಿ ಬರುವ ತನಕ ತಾನಾಗಿಯೇ ತೂಗುತ್ತಿದ್ದ ತೊಟ್ಟಿಲು. ತೊಟ್ಟಿಲೇನೋ ಹಾಗೆ ತೂಗಬೇಕು. ಕಾರು ಯಾಕೆ ತೂಗಬೇಕು? ಅವಳು ಕಣ್ಣೊರೆಸಿಕೊಂಡು ಮತ್ತೊಮ್ಮೆ ಒತ್ತಿ ಬಿಟ್ಟಳು. ಮತ್ತೆ ಅದೇ. ಒಳಗಿದ್ದ ಪಂಪಮ್ಮ ಕಣ್ಣು ಮುಚ್ಚಿಕೊಂಡು, ತೂಗಬ್ಯಾಡವ್ವ ಎಂದರು.

ಮನೆ ಮುಟ್ಟುವ ಮೊದಲು ಕಾವ್ಯ ಒಂದು ಮಾತು ಆಡಿಬಿಟ್ಟಳು. ಆಡಿದ ಮೇಲೆ ಅದು ಎಷ್ಟು ದೊಡ್ಡ ಮಾತೆಂದು ಅವಳಿಗೇ ಭಯವಾಯಿತು.

"ಇದೊಂದ್ ಸಲ ಬರ್ರಿ ಅತ್ತಿ. ನಿಮ್ಮನ್ನ ಮಷೀನಿಗೆ ಹಚ್ಚಿದ ಮ್ಯಾಲೆ ಕಾರು ರಿಪೇರಿ ಮಾಡಸ್ತೀನಿ. ಬರಾಗ ಮತ್ತ ಹಿಂಗ ಆದ್ರ, ಆಮ್ಯಾಲ ನಾ ಬಲವಂತ ಮಾಡಂಗಿಲ್ಲ."

"ಆಣಿ?"

"ಆಣಿ."

ಶುಕ್ರವಾರ, ಶನಿವಾರ, ಭಾನುವಾರ ಆ ಮಾತು ಅವಳ ಬೆನ್ನ ಹಿಂದೆಯೇ ಓಡಾಡಿತು. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ, ಮಗಳ ಜಡೆ ಹೆಣೆಯುವಾಗ. ವಾಂತಿ ಕಾರಿನದಲ್ಲ, ರೋಗದ್ದೇ ಆಗಿದ್ದರೆ? ಹಾಲೇಶ್ ಬಂದಾಗ ರಿಪೇರಿ ಮಾಡಿಸುವ ವಿಷಯ ಮಾತ್ರ ಹೇಳಿದಳು. ಆಣೆಯ ವಿಷಯ ಹೇಳಲಿಲ್ಲ.

ಸೋಮವಾರ ಪಂಪಮ್ಮ ಕೊಟ್ಟ ಮಾತಿಗೆ ತಪ್ಪದೆ ಹೊರಟರು. ಹೋಗುವಾಗ ಕಮಲಾಪುರದಲ್ಲಿ ಒಮ್ಮೆ ವಾಂತಿಯಾಯಿತು. ನೋಡಿದ್ಯಾ ಎನ್ನುವ ಹಾಗೆ ಕನ್ನಡಿಯಲ್ಲಿ ಸೊಸೆಯನ್ನು ನೋಡಿದರು. ಮಷೀನು ನಾಲ್ಕು ತಾಸಿನದು. ಸೂಜಿ ಕೂರಿಸುವ ತನಕ ಕೈಹಿಡಿದು ನಿಂತು, ಕಾವ್ಯ ನೇರ ಗ್ಯಾರೇಜಿಗೆ ಹೋದಳು.

ಉಚ್ಚೆಂಗೆಪ್ಪ ಆಗಷ್ಟೇ ಬಂದು ಊದುಬತ್ತಿ ಹಚ್ಚುತ್ತಿದ್ದ. ನಡುವಯಸ್ಸು ದಾಟಿದ, ಬೆರಳಿನ ಸಂದಿಯ ಗ್ರೀಸು ಎಷ್ಟು ತೊಳೆದರೂ ಹೋಗದ ಮನುಷ್ಯ. ಮೊನ್ನೆ ತಾನೇ ಅಲೈನ್‌ಮೆಂಟ್ ಮಾಡಿಕೊಟ್ಟೆನಲ್ಲ, ಮತ್ತೇನು ಎಂದು ಕೇಳಿದ. ಕಾವ್ಯ ಕಂಡದ್ದನ್ನು ಹೇಳಿದಳು. ಅವನು ಬಂದು ಹಿಂದಿನ ಮೂಲೆಯನ್ನು ಎರಡೂ ಕೈಯಿಂದ ಅದುಮಿ ಬಿಟ್ಟ. ಕಾರು ತೂಗುವುದನ್ನು ತಲೆ ಓರೆ ಮಾಡಿ ನೋಡಿದ. ಆಮೇಲೆ ಡಿಕ್ಕಿ ತೆರೆದ.

"ಏನಕ್ಕಾರ, ಗಿರಣಿ ಸಂಗಾಟನ ತಂದೀರಲ್ಲ."

ಯಾಕೆ ಇಟ್ಟಿದ್ದು ಎಂದು ಕಾವ್ಯ ಹೇಳಿದಳು. ಅವನು ನಗಲಿಲ್ಲ. ಚೀಲ ಇಳಿಸಿ ಗೋಡೆಗೆ ಆನಿಸಿದ. ಮತ್ತೆ ಅದುಮಿ ನೋಡಿದ. ಈಗ ಕಾರು ಬೇಗಬೇಗ ಕುಣಿಯಿತು, ಆದರೆ ನಿಲ್ಲಲು ಒಪ್ಪಲಿಲ್ಲ. ಗೋಣಿತಟ್ಟು ಹಾಸಿಕೊಂಡು ಕೆಳಗೆ ನುಸುಳಿ ಹೊರಬಂದಾಗ ಅವನ ಬೆರಳಿನ ಮೇಲೆ ಎಣ್ಣೆ ಕುಡಿದ ಕೆಂಪು ಧೂಳು ಹಿಟ್ಟಿನ ಹಾಗೆ ಮೆತ್ತಿಕೊಂಡಿತ್ತು.

ಹಿಂದಿನ ಎರಡೂ ಶಾಕಪ್ ಸೋರಿ ಸತ್ತುಹೋಗಿವೆ ಎಂದ. ಭಾರ ಹೊರುವುದು ಸ್ಪ್ರಿಂಗು. ಅದು ಕುಣಿಯತೊಡಗಿದರೆ ಹಿಡಿದು ನಿಲ್ಲಿಸುವುದು ಶಾಕಪ್ಪು. ಹಿಡಿಯುವವನೇ ಇಲ್ಲದ ಮೇಲೆ ಚೀಲ ಇಟ್ಟರೆ ಕುಲುಕಾಟ ಮೆತ್ತಗಾದ ಹಾಗೆ ಕಾಣುತ್ತದೆ, ಆದರೆ ಒಂದು ಗುಂಡಿಗೆ ಶುರುವಾದ ಓಲಾಟ ಮುಂದಿನ ಗುಂಡಿ ಬಂದರೂ ಮುಗಿಯುವುದಿಲ್ಲ. ಭಾರ ಹೆಚ್ಚಿದಷ್ಟೂ ಓಲಾಟ ನಿಧಾನ, ದೀರ್ಘ. ತೆಪ್ಪದಲ್ಲಿ ಕೂತ ಹಾಗೆ. ಗಟ್ಟಿಮುಟ್ಟಾದವರಿಗೇ ಹೊಟ್ಟೆ ತೊಳಸುತ್ತದೆ.

ಬೆರಳು ಒರೆಸಿಕೊಳ್ಳುತ್ತ, "ನಂದೂ ತಪ್ಪೈತ್ರಿ" ಎಂದ. "ಟೈರು ಹಂಗ ಸವದಾಗನ ನೋಡಬೇಕಿತ್ತು. ಯಾವಾಗ ಬಂದ್ರೂ ಚೀಲ ಇರತಿದ್ವು, ಊರಾಗ ಯಾರಿಗೋ ಅಕ್ಕಿ ಕೊಡಾಕ ಬಂದೀರಿ ಅಂದಕಂಡೆ. ರಸ್ತಿ ಮ್ಯಾಲೆ ಹಾಕಿ ಕೈ ತೊಳಕಂಡೆ."

ಮುಂದಿನ ಎರಡು ಸರಿಯಾಗಿದ್ದವು. ಹಿಂದಿನದು ಜೋಡಿಯಾಗಿಯೇ ಬದಲಿಸಬೇಕು, ಒಂದು ಹೊಸದು ಒಂದು ಹಳೆಯದು ಆದರೆ ಕಾರು ಒಂದು ಕಡೆ ಎಳೆದಾಡುತ್ತದೆ ಎಂದು ಹೇಳಿ, ಪರಿಚಯದ ಅಂಗಡಿಗೆ ಫೋನು ಮಾಡಿ ತರಿಸಿದ. ಕಾರು ಜಾಕಿನ ಮೇಲೆ ಏರಿತು, ಚಕ್ರ ಕಳಚಿದವು. ಕೆಳಗಿನ ಬೋಲ್ಟು ಸುಲಭಕ್ಕೆ ಬಂತು. ಮೇಲಿನ ನಟ್ಟು ಬರಲಿಲ್ಲ. ತುಕ್ಕು ಹಿಡಿದು ಕಲ್ಲಾಗಿತ್ತು. ಸ್ಪಾನರು ತಿರುಗಿಸಿದರೆ ನಟ್ಟಿನ ಜೊತೆ ಒಳಗಿನ ಸರಳೂ ತಿರುಗುತ್ತಿತ್ತು. ಎಣ್ಣೆ ಬಿಟ್ಟು, ಅದು ಇಂಗಲಿ ಎಂದು ಚಹಾ ತರಿಸಿದ. ಕಾವ್ಯ ನುಚ್ಚಿನ ಚೀಲದ ಮೇಲೆ ಕೂತು ಚಹಾ ಕುಡಿದಳು. ಬೆಳಗಿನಿಂದ ಅವಳು ಕೂತಿದ್ದು, ಸ್ಟಿಯರಿಂಗ್ ಮುಂದೆ ಬಿಟ್ಟರೆ, ಅದೇ ಮೊದಲು. ಚೀಲ ಹದವಾಗಿತ್ತು. ಕಣ್ಣು ಎಳೆಯುತ್ತಿತ್ತು. ಸೂಜಿ ಕೀಳುವ ಹೊತ್ತಿಗೆ ತಾನು ಎದುರಿಗಿರದಿದ್ದರೆ ಅತ್ತೆ ಬಾಗಿಲನ್ನೇ ನೋಡುತ್ತಿರುತ್ತಾರೆ ಎನ್ನುವುದೊಂದು ಅವಳನ್ನು ಎಚ್ಚರವಾಗಿಟ್ಟಿತ್ತು.

ಕೊನೆಗೆ ಉಚ್ಚೆಂಗೆಪ್ಪ ಸರಳನ್ನು ಒಂದು ಸ್ಪಾನರಿನಲ್ಲಿ ಬಿಗಿಹಿಡಿದು, ನಟ್ಟನ್ನು ಇನ್ನೊಂದರಲ್ಲಿ ಮೆಲ್ಲಗೆ ಹಿಂದೆ ಮುಂದೆ ಒಲಿಸಿ ಒಲಿಸಿ ಬಿಡಿಸಿದ. ಹಳೆಯದನ್ನು ನೆಲದ ಮೇಲೆ ನಿಲ್ಲಿಸಿ, ಒತ್ತಿ ನೋಡ್ರಿ ಎಂದ. ಅವಳು ಒತ್ತಿದಳು. ಸರಳು ಎದುರಾಡದೆ ಒಳಗೆ ಇಳಿಯಿತು, ಅಲ್ಲೇ ಉಳಿಯಿತು. ಹೊಸದನ್ನು ಒತ್ತಲು ಎರಡೂ ಕೈ ಬೇಕಾದವು. ಬಿಟ್ಟಾಗ ಅದು ಅವಸರ ಮಾಡದೆ ತಾನಾಗಿ ಮೇಲೆದ್ದು ಬಂತು. ಅವನು ಹೊಸವೆರಡನ್ನೂ ನೆಟ್ಟಗೆ ಹಿಡಿದು ಕೆಲವು ಸಲ ಆಡಿಸಿ, ಒಳಗಿನ ಗಾಳಿ ಹೋದ ಮೇಲೆ ಕೂರಿಸಿದ. ಚಕ್ರ ಹಾಕಿ ಕಾರನ್ನು ನೆಲಕ್ಕೆ ಇಳಿಸಿ, ಕಾರಿನ ಭಾರ ಕಾಲೂರಿದ ಮೇಲೆಯೇ ಕೆಳಗಿನ ಬೋಲ್ಟನ್ನು ಪೂರ್ತಿ ಬಿಗಿದ. ಎತ್ತಿದಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದಂತೆ.

ಕಾವ್ಯ ಎದ್ದು ಹೋಗಿ ತಾನೇ ಮೂಲೆಯನ್ನು ಅದುಮಿ ಬಿಟ್ಟಳು. ಕಾರು ಕೆಳಗಿಳಿಯಿತು, ಮೇಲೆದ್ದಿತು, ನಿಂತಿತು. ಅವಳು ಇನ್ನೊಮ್ಮೆ ಮಾಡಿದಳು.

ಚೀಲಗಳನ್ನು ಮತ್ತೆ ಇಡಲೇ ಎಂದು ಉಚ್ಚೆಂಗೆಪ್ಪ ಕೇಳಿದ. ನಿಮ್ಮ ಮನೆಗೇ ಒಯ್ಯಿರಿ ಎಂದಳು. ಕಂಪ್ಲಿ ನುಚ್ಚು ಬ್ಯಾಡ ಅನ್ನೋನು ಯಾರ್ರಿ ಎಂದು ಅವನು ಒಂದನ್ನು ತಾನಿಟ್ಟುಕೊಂಡು, ಇನ್ನೊಂದನ್ನು ಚಹಾದಂಗಡಿಯ ಶಾಂತಕ್ಕನಿಗೆ ಕಳಿಸಿಕೊಟ್ಟ.

ವಾಪಸು ಬರುವಾಗ ಪಂಪಮ್ಮ ಮಡಿಲಲ್ಲಿ ಸ್ಟೀಲಿನ ಬೋಗುಣಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಬರುವುದು ಬರಲಿ ಎನ್ನುವ ಹಾಗೆ ಕೂತಿದ್ದರು. ಮೊದಲ ಹಂಪ್ಸಿನ ಮೇಲೆ ಕಾರು ಗಡುಸಾಗಿ ಏರಿ ಇಳಿದಾಗ ಹ್ಞಾ ಎಂದು ನರಳಿದರು. ಹೊಸದು ಹಾಗೇ, ಸ್ವಲ್ಪ ಗಟ್ಟಿ ಎಂದು ಉಚ್ಚೆಂಗೆಪ್ಪ ಹೇಳಿದ್ದು ನಿಜ, ಆದರೆ ಅದನ್ನು ಆ ಸೊಂಟಕ್ಕೆ ಹೇಳುವವರು ಯಾರು. ಅವಳು ಸುಮ್ಮನೆ ಓಡಿಸಿದಳು. ಮಾತಾಡಿದರೆ ಏನಾದರೂ ಕದಡಿಹೋದೀತು ಎನ್ನುವ ಹಾಗೆ. ಕಮಲಾಪುರ ದಾಟಿತು. ಬಾಳೆತೋಟಗಳು ದಾಟಿದವು. ಬುಕ್ಕಸಾಗರದಾಚೆ ಹರವಿದ ಭತ್ತ ಶುರುವಾಯಿತು. ಕಾಲುವೆಯ ತಿರುವು ಕಂಡಾಗ ಅವಳ ಕಾಲು ಅಭ್ಯಾಸದಂತೆ ಬ್ರೇಕಿನ ಮೇಲೆ ಹೋಯಿತು.

ಹಿಂದಿನಿಂದ ದನಿ ಬಂತು. "ಯಾಕ ನಿಂದ್ರಸ್ತಿ?"

ಕನ್ನಡಿಯಲ್ಲಿ ನೋಡಿದಳು. ಪಂಪಮ್ಮ ಕಣ್ಣು ಬಿಟ್ಟುಕೊಂಡು ಹೊರಗೆ ಭತ್ತ ತಿರುವುತ್ತಿದ್ದ ಹೆಂಗಸರನ್ನು ನೋಡುತ್ತಿದ್ದರು.

"ನಿಮಗ..."

"ನಡಿ ನಡಿ. ಹುಡುಗಿಗೆ ಸಾಲಿ ಬಿಡೋ ಹೊತ್ತಾತು."

ಕಾವ್ಯ ಗೇರು ಬದಲಿಸಿದಳು. ಅಲ್ಲಿಂದ ಊರು ಬರುವ ತನಕ ಅವಳು ಅಳುತ್ತಲೇ ಓಡಿಸಿದಳು, ಸದ್ದಿಲ್ಲದೆ. ಊರ ಹತ್ತಿರ ಬಂದಾಗ ಗ್ಯಾರೇಜಿನಲ್ಲಿ ನಡೆದದ್ದನ್ನೆಲ್ಲ ಹೇಳಿದಳು, ಚೀಲದ ವಿಷಯವನ್ನೂ. ಪಂಪಮ್ಮ ಬೋಗುಣಿಯನ್ನು ಮಡಿಲಿಂದ ತೆಗೆದು ಕೆಳಗಿಟ್ಟರು. ಆಮೇಲೆ, ನಿಮ್ಮ ಮಾವನಿಗೆ ಏನೂ ಹೇಳಬೇಡ, ನಾನು ನೋಡಿಕೊಳ್ಳುತ್ತೇನೆ ಎಂದರು.

ರೋಗ ಎಲ್ಲಿಗೂ ಹೋಗಿರಲಿಲ್ಲ. ಮನೆಗೆ ಬಂದ ಪಂಪಮ್ಮ ಎಂದಿನಂತೆ ಊಟ ಬೇಡವೆಂದು ಗೋಡೆಯ ಕಡೆ ತಿರುಗಿ ಮಲಗಿದರು. ಕೈ ಬಾತಿತ್ತು, ತುಟಿ ಒಣಗಿತ್ತು. ಕಾವ್ಯ ಬಳಸದ ಬೋಗುಣಿಯನ್ನು ಅಭ್ಯಾಸಬಲದಿಂದ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಿಟ್ಟಳು. ಸಂಜೆ ಮಾವ ಕಾರು ರಿಪೇರಿಯಾಯಿತೇ ಎಂದು ಕೇಳಿದರು, ಆಯಿತು ಎಂದಳು. ಅವರು ಹೆಂಡತಿಯ ಮಂಚದ ಹತ್ತಿರ ಹೋಗಿ ಫ್ಯಾನು ಜೋರು ಮಾಡಿ, ಸಣ್ಣ ಮಾಡಿ, ಹೊರಗೆ ಹೋದರು.

ಗುರುವಾರ ಬೆಳಿಗ್ಗೆ ಕಾವ್ಯ ಅತ್ತೆಯನ್ನು ಕೂರಿಸಿ, ಡಬ್ಬಿಯ ಚೀಲ ತರಲು ಒಳಗೆ ಹೋಗಿದ್ದಳು. ಹೊರಗೆ ಬಂದಾಗ ಗಾದಿಲಿಂಗಪ್ಪ ನುಚ್ಚಿನ ಹೊಸ ಚೀಲವೊಂದನ್ನು ಹೆಗಲ ಮೇಲೆ ಹೊತ್ತುಕೊಂಡು, ತೆರೆದ ಡಿಕ್ಕಿಯ ಮುಂದೆ ನಿಂತಿದ್ದರು. ಹಮಾಲರನ್ನು ಕರೆದಿರಲಿಲ್ಲ, ಹೊಟ್ಟಿನ ಪುಡಿ ಬೆವರಿಗೆ ಅಂಟಿ ಕುತ್ತಿಗೆ ಬೆಳ್ಳಗಾಗಿತ್ತು. ಹಳೆಯ ಚೀಲಗಳು ಎಲ್ಲಿ ಎಂದು ಕೇಳಿದರು.

ಕಾವ್ಯ ಅತ್ತೆಯ ಕಡೆ ನೋಡಿದಳು. ಪಂಪಮ್ಮ ಕಿಟಕಿಯಿಂದ ಹೊರಗೆ ತಲೆ ಹಾಕದೆಯೇ ಹೇಳಿದರು.

"ಅದನ್ನ ಇಳಸ್ರಿ. ಚೀಲದ ಕೆಲಸ ಮುಗೀತು."

"ಖಾಲಿ ಹೋದ್ರ ಕುಣಿತೈತಲ್ಲ."

"ಹೊಸದು ಹಾಕಸ್ಯಾಳ, ಇನ್ನ ಕುಣಿಯಂಗಿಲ್ಲ. ಭಾರ ಬೇಕ ಅಂದ್ರ ನೀವ ಕುಂದ್ರಿ."

ಗಾದಿಲಿಂಗಪ್ಪ ಚೀಲವನ್ನು ಇಳಿಸಲೂ ಇಲ್ಲ, ಇಡಲೂ ಇಲ್ಲ. ಗಿರಣಿಗೆ ಭತ್ತದ ಲಾರಿ ಬರುವುದಿದೆ ಎಂದರು. ಕರೆಂಟಿನ ಮೋಟರು ನೋಡುವವನು ಬರುತ್ತಾನೆ ಎಂದರು. ಪಂಪಮ್ಮ ಎಲ್ಲ ಕೇಳಿಸಿಕೊಂಡರು.

"ಈ ಕಾರಾಗ ನಾ ಒಬ್ಬಾಕಿನ ಹಿಂದ ಕುಂತು ಕುಂತು ಸಾಕಾಗೇತ್ರಿ" ಎಂದರು. "ನೀವು ಬಂದ್ರ ಹೋಗೋಣ. ಬ್ಯಾಡ ಅಂದ್ರ ಇಬ್ರೂ ಮನ್ಯಾಗ ಇರೋಣ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಲುವೆಯ ತಿರುವಿನಲ್ಲಿ ಆಡಿದ್ದರಲ್ಲ, ಅದೇ ಮೆಲುದನಿ. ಕಾವ್ಯಳಿಗೆ ಆ ದನಿಯ ಗುರುತಿತ್ತು. ಅವಳ ಕೈಯಲ್ಲಿದ್ದ ಡಬ್ಬಿಯ ಚೀಲ ಭಾರವಾಯಿತು. ಮಾವನಿಗೂ ಅದರ ಅರ್ಥ ಹೊಳೆದಿರಬೇಕು. ಅವರು ಚೀಲವನ್ನು ಮನೆಯ ಕಟ್ಟೆಯ ಮೇಲೆ ಮಲಗಿಸಿ, ಹೆಗಲಿನ ಪುಡಿ ಕೊಡವಿಕೊಂಡರು. ಪಂಚೆಯ ಅಂಚು ಸರಿಮಾಡಿಕೊಂಡರು.

"ನಾ ಒಳಗ ಬರಂಗಿಲ್ಲ. ಹೊರಗ ಬೆಂಚಿನ ಮ್ಯಾಲೆ ಕುಂದ್ರತೀನಿ."

"ಹೊರಗ ಕುಂದ್ರಿ. ಬಾಗ್ಲಾಗಿಂದ ಕಂಡ್ರ ಸಾಕು."

ಕಾವ್ಯ ಡಿಕ್ಕಿ ಮುಚ್ಚಿ ಬಂದು ಸ್ಟಿಯರಿಂಗ್ ಮುಂದೆ ಕೂತಳು. ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಪಂಪಮ್ಮ ದಿಂಬು ತೆಗೆದು ಜಾಗ ಮಾಡಿಕೊಟ್ಟರು. ಮಾವ ಕೂತಾಗ ಕಾರಿನ ಹಿಂಭಾಗ ಅವರ ಭಾರಕ್ಕೆ ಒಮ್ಮೆ ಇಳಿದು, ಅಲ್ಲೇ ನಿಂತಿತು.